ಘಟ್ಟದಲ್ಲಿ ಲಾರಿ ಎಳೆಯುತ್ತಿಲ್ಲ, ಮಿಸ್ತ್ರಿ ಟರ್ಬೋ ಹೋಗಿದೆ ಅಂತಾರೆ. ನಂಬಬೇಕಾ?

ನಂಬಿ, ಆದರೆ ಹೊಸ ಟರ್ಬೋಗೆ ದುಡ್ಡು ಕೊಡುವ ಮುಂಚೆ ಒಂದು ತಾಸು ನೀವೇ ಬಾನೆಟ್ ಎತ್ತಿ ನೋಡಿ. ಟರ್ಬೋ ಅಂದರೆ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು. ನಾನು ಹುಬ್ಬಳ್ಳಿಯ ಗಬ್ಬೂರು ಬೈಪಾಸ್ ಕಡೆ ಇಪ್ಪತ್ತು ವರ್ಷದಿಂದ ಲಾರಿ ಕೆಲಸ ಮಾಡುತ್ತಿದ್ದೇನೆ. ಟರ್ಬೋ ಹೋಗಿದೆ ಅಂತ ಬಂದ ಎಷ್ಟೋ ಗಾಡಿಗಳಲ್ಲಿ ಹೋಗಿದ್ದು ಬರೀ ಒಂದು ಹೋಸ್ ಪೈಪು, ಇಲ್ಲವೇ ಅದರ ಕ್ಲಿಪ್ಪು.

ನೀವು ಬರೆದದ್ದು ಇಷ್ಟು: ಬಿಎಸ್4 (ಹೊಗೆ ನಿಯಮದ ಒಂದು ಹಂತ) ಹತ್ತು ಗಾಲಿ ಗಾಡಿ. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೋಗುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಅಂಕೋಲಾ ಕಡೆಯಿಂದ ಗೊಬ್ಬರ ತುಂಬಿ ಅರಬೈಲು ಘಟ್ಟ ಏರಿದರೆ ಎಳೆತವಿಲ್ಲ, ಕಪ್ಪು ಹೊಗೆ, ಜೊತೆಗೆ ಸೀಟಿ ಹೊಡೆದ ಹಾಗೆ ಸದ್ದು. ಮೆಣಸಿನಕಾಯಿ ಗಾಡಿ ನೋಡಲು ಬೆಟ್ಟದಷ್ಟಿದ್ದರೂ ತೂಕ ಕಡಿಮೆ, ಅಲ್ವಾ? ಇಂಜಿನ್‌ಗೆ ಟರ್ಬೋದ ಗಾಳಿ ಜಾಸ್ತಿ ಬೇಕಾಗುವುದೇ ಇಲ್ಲ. ಘಟ್ಟದಲ್ಲಿ ತೂಕ ಬಿದ್ದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಗ್ಯಾರೇಜ್‌ನಲ್ಲಿ ನಿಂತ ಗಾಡಿಗೆ ಸುಮ್ನೆ ರೇಸ್ ಕೊಟ್ಟು ಟರ್ಬೋ ಸರಿ ಇದೆ ಅಂದರೂ, ಹೋಗಿದೆ ಅಂದರೂ, ಎರಡೂ ಅಂದಾಜೇ. ಲೋಡ್ ಇಲ್ಲದೆ ಬೂಸ್ಟ್, ಅಂದರೆ ಟರ್ಬೋ ಕೊಡುವ ಗಾಳಿಯ ಒತ್ತಡ, ಸರಿಯಾಗಿ ಏಳುವುದಿಲ್ಲ.

ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ನೀಲಿ ಹೊಗೆ ಬಂದಿದ್ದರೆ, ಆಯಿಲ್ ದಿನಾ ಇಳಿಯುತ್ತಿದ್ದರೆ, ನಾನೂ ಟರ್ಬೋ ಮೇಲೆ ಅನುಮಾನ ಪಡುತ್ತಿದ್ದೆ. ನೀವು ಆಯಿಲ್ ಬಗ್ಗೆ ಏನೂ ಬರೆದಿಲ್ಲ. ಡಿಪ್‌ಸ್ಟಿಕ್ ಒಮ್ಮೆ ನೋಡಿ.

ಮೊದಲು ಏರ್ ಫಿಲ್ಟರ್ ಬಿಚ್ಚಿ. ಗದಗ, ನರಗುಂದ ಕಡೆ ಓಡಾಡುವ ಗಾಡಿಗಳಿಗೆ ಎರೆಮಣ್ಣಿನ ಧೂಳು ಎಷ್ಟು ಕುಡಿಸುತ್ತೇವೆ ಅಂತ ನಿಮಗೇ ಗೊತ್ತು. ಆದರೆ ಅದೇ ಫಿಲ್ಟರ್‌ಗೆ ಮತ್ತೆ ಮತ್ತೆ ಜೋರಾಗಿ ಗಾಳಿ ಹೊಡೆಸಬೇಡಿ. ಕಾಗದ ತೂತಾದರೆ ಧೂಳು ನೇರವಾಗಿ ಟರ್ಬೋ ಫ್ಯಾನಿಗೆ ಹೋಗಿ, ಅದರ ರೆಕ್ಕೆಯ ತುದಿಯನ್ನು ಪಾಲಿಶ್ ಪೇಪರ್ ತರಹ ಸವೆಸುತ್ತದೆ.

ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಂಪು ಮಾಡುವ ಜಾಲರಿ), ಅಲ್ಲಿಂದ ಇಂಜಿನ್‌ಗೆ ಹೋಗುವ ದಪ್ಪ ಹೋಸ್‌ಗಳು. ನನ್ನ ಅನುಮಾನ ಇಲ್ಲೇ. ಸೀಟಿ ಸದ್ದು ಅಂದಿರಲ್ಲ, ಅದು ಗಾಳಿ ಸೋರುವ ಸದ್ದು ಇರಬಹುದು. ಹೋಸ್‌ನ ಕೆಳಗಿನ ಮಗ್ಗುಲು ಕೈ ಆಡಿಸಿ. ಸೀಳು ಹೆಚ್ಚಾಗಿ ಅಲ್ಲೇ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಒತ್ತಡ ಇಲ್ಲದಾಗ ಬಾಯಿ ಮುಚ್ಚಿಕೊಂಡಿದ್ದು, ಏರಿನಲ್ಲಿ ಮಾತ್ರ ತೆರೆಯುವ ಸೀಳೂ ಇರುತ್ತದೆ. ಎಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿದೆಯೋ ಅಲ್ಲಿ ಚೆನ್ನಾಗಿ ನೋಡಿ. ಪಕ್ಕಾ ಆಗಬೇಕೆಂದರೆ ಇಂಜಿನ್ ಆಫ್ ಮಾಡಿ, ಟರ್ಬೋದ ಗಾಳಿ ಬಾಯಿಗೆ ಮುಚ್ಚಳ ಕಟ್ಟಿಸಿ, ಕಂಪ್ರೆಸರ್‌ನಿಂದ ಒಂದು ಬಾರ್ ಒಳಗೇ ಗಾಳಿ ಬಿಡಿಸಿ, ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಕಳ್ಳ ಇದ್ದಾನೆ. ಟೈರಿಗೆ ಹಾಕುವಷ್ಟು ಗಾಳಿ ಹಾಕಬೇಡಿ, ಮುಚ್ಚಳ ಮುಖಕ್ಕೇ ಹಾರುತ್ತದೆ.

ಅಲ್ಲೆಲ್ಲ ಸರಿ ಇದ್ದರೆ ಆಗ ಟರ್ಬೋ. ಇಂಜಿನ್ ಆಫ್ ಆಗಿರಬೇಕು, ತಣ್ಣಗಿರಬೇಕು. ಗಾಳಿ ಬರುವ ಕಡೆಯ ಹೋಸ್ ಬಿಚ್ಚಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ಈಗ ಶಾಫ್ಟ್ (ಫ್ಯಾನ್ ಕೂತಿರುವ ಸಲಾಕೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪ ಆಡುತ್ತದೆ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ, 'ನೋಡ್ರಿ, ಪ್ಲೇ ಬಂದಿದೆ' ಅಂತ ತೋರಿಸಿದರೆ ಸಾಕು. ಆ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು, ನಿಂತಾಗ ಅಷ್ಟು ಆಟ ಇದ್ದೇ ಇರುತ್ತದೆ. ರೆಕ್ಕೆ ಹೋಗಿ ಸುತ್ತಲಿನ ಗೋಡೆಗೆ ತಾಗಿದರೆ ಮಾತ್ರ ಕಥೆ ಮುಗಿದಂತೆ. ಇನ್ನು ಶಾಫ್ಟನ್ನು ಒಳಗೆ ಹೊರಗೆ ಎಳೆದು ನೋಡಿ, ಅಲ್ಲಿ ಆಟ ಕೈಗೆ ಗೊತ್ತಾಗಲೇಬಾರದು. ಪೈಪಿನೊಳಗೆ ತೆಳುವಾಗಿ ಎಣ್ಣೆ ಜಿಡ್ಡು ಕಂಡರೆ ಹೆದರಬೇಡಿ, ಅದು ಬ್ರೀದರ್‌ನಿಂದ, ಅಂದರೆ ಇಂಜಿನ್ ಒಳಗಿನ ಆವಿ ಹೊರಹೋಗುವ ಪೈಪಿನಿಂದ ಬರುವುದು. ಆಯಿಲ್ ಮಡುಗಟ್ಟಿ ನಿಂತಿದ್ದರೆ ಬೇರೆ ಮಾತು. ಆಗಲೂ ಹೋಸ್ ವಾಪಸ್ ಜೋಡಿಸಿ, ಇಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸುಬುಸು ಹೊಗೆ ಎದ್ದರೆ ಇಂಜಿನ್‌ನ ಪಿಸ್ಟನ್ ರಿಂಗ್ ಸವೆದಿರಬಹುದು, ಹೊಸ ಟರ್ಬೋ ಕೂರಿಸಿದರೆ ಅದೂ ಸೋರುತ್ತದೆ.

ನಿಜವಾಗಿ ಹೋಗಿದೆ ಅಂತಾದರೂ, ಯಾಕೆ ಹೋಯಿತು ಅಂತ ಗೊತ್ತಾಗದೆ ಹೊಸದು ಹಾಕಿಸಬೇಡಿ. ಈ ಪಾಠ ನನಗೆ ನನ್ನ ದುಡ್ಡಿನಲ್ಲೇ ಆಗಿದೆ. ಏಳೆಂಟು ವರ್ಷದ ಹಿಂದೆ ಅಣ್ಣಿಗೇರಿಯವರ ಗಾಡಿಗೆ ಹೊಸ ಟರ್ಬೋ ಕೂರಿಸಿದೆ. ಹನ್ನೆರಡನೇ ದಿನ ಅದೂ ಸತ್ತು ವಾಪಸ್ ಬಂತು. ಬಿಚ್ಚಿದರೆ ಬೇರಿಂಗ್ ಸುಟ್ಟು ನೀಲಿಯಾಗಿತ್ತು. ಆಯಿಲ್ ಬರುವ ಸಣ್ಣ ಪೈಪಿನ ಬಾಯಲ್ಲಿ ನಾನೇ ಹಚ್ಚಿದ ಸಿಲಿಕಾನ್ ಗಮ್ಮಿನ ತುಣುಕು ಕೂತಿತ್ತು! ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುವ ಶಾಫ್ಟು, ಕೆಲವು ಕ್ಷಣ ಆಯಿಲ್ ಇಲ್ಲದಿದ್ದರೂ ಉಳಿಯುವುದಿಲ್ಲ. ಎರಡನೆಯದನ್ನು ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ. ಅಂದಿನಿಂದ ಟರ್ಬೋ ಬದಲಿಸಿದರೆ ಆಯಿಲ್ ಬರುವ ಪೈಪು, ಇಂಜಿನ್ ತಳದ ಆಯಿಲ್ ತೊಟ್ಟಿಗೆ ವಾಪಸ್ ಹೋಗುವ ಪೈಪು, ಆಯಿಲ್, ಫಿಲ್ಟರ್ ಎಲ್ಲ ನೋಡದೆ ಬಿಡುವುದಿಲ್ಲ. ನಿಮ್ಮದರಲ್ಲಿ ರೆಕ್ಕೆ ಮುರಿದಿದ್ದರೆ ಇಂಟರ್‌ಕೂಲರ್ ಕೂಡ ಬಿಚ್ಚಿಸಿ, ಆ ಚೂರು ಎಲ್ಲಿಗೆ ಹೋಯಿತು ಅಂತ ಹುಡುಕಿಸಿ.

ಒಂದು ವೇಳೆ ಫ್ಯಾನ್ ಗೋಡೆಗೆ ತಾಗುತ್ತಿದ್ದರೆ ಗಾಡಿ ಓಡಿಸಲೇಬೇಡಿ. ಟರ್ಬೋದಲ್ಲಿ ಆಯಿಲ್ ತಡೆಯುವ ಸೀಲ್ ಪೂರ್ತಿ ಹೋದರೆ ಇಂಜಿನ್ ತನ್ನ ಆಯಿಲ್ ತಾನೇ ಕುಡಿದು ಓಡತೊಡಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಹಾಗಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ಬಂದ್ ಮಾಡಬೇಕು. ಗಾಳಿ ಬಾಯಿಗೆ ಕೈ ಮಾತ್ರ ಅಡ್ಡ ಇಡಬೇಡಿ.

ಹಳೆಯ ಟರ್ಬೋ ಬಿಚ್ಚಿದ ಮೇಲೆ ಕೈಗೆ ಕೇಳಿ ತಗೊಳ್ಳಿ, ನೀವೇ ತಿರುಗಿಸಿ ನೋಡಿ. ಇನ್ನೊಂದು, ಘಟ್ಟ ಹತ್ತಿ ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸುತ್ತೀರಲ್ಲ, ತಕ್ಷಣ ಕೀ ತೆಗೆಯಬೇಡಿ. ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಕಾದ ಟರ್ಬೋ ತಣಿಯಲಿ. ಕ್ಲೀನರ್ ಡೀಸೆಲ್ ದಂಡ ಅಂತ ಗೊಣಗಿದರೆ ಗೊಣಗಲಿ.