ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಸಾವಿರಾರು ಸಾಲು ಅಪ್‌ಡೇಟ್ ಮಾಡಲು ಯಾಕಿಷ್ಟು ಹೊತ್ತು?

ಶಿರಸಿಯ ಅಡಿಕೆ ಮಂಡಿ ಲೆಕ್ಕದಲ್ಲಿ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ಬದಲಾದಾಗಲೆಲ್ಲ 20,000 ಸಾಲು ತಿದ್ದಬೇಕು, ಅದಕ್ಕೆ ನಿಮಿಷಗಟ್ಟಲೆ ಹಿಡಿಯುತ್ತದೆ ಅಂತ ಕೇಳಿದ್ದೀರಿ. ಎಲ್ಲ ಅಪ್‌ಡೇಟ್‌ಗಳನ್ನೂ ಒಂದೇ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಸುವ ಬದಲಾವಣೆಗಳ ಗುಂಪು) ಒಳಗೆ ಹಾಕಿ. ಮೊದಲಿಗೆ ಬಿಗಿನ್ (BEGIN), ಕೊನೆಗೆ ಕಮಿಟ್ (COMMIT, ಅಂದರೆ ಉಳಿಸು) ಆದೇಶ. ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ನೀವು ಬಿಗಿನ್ ಹೇಳದಿದ್ದರೆ ಎಸ್‌ಕ್ಯೂಲೈಟ್ ಪ್ರತಿ ಅಪ್‌ಡೇಟನ್ನೂ ಬೇರೆ ಬೇರೆ ಟ್ರಾನ್ಸಾಕ್ಷನ್ ಅಂತಲೇ ಎಣಿಸುತ್ತದೆ. ಪ್ರತಿ ಸಲವೂ ಡೇಟಾ ನಿಜವಾಗಿ ಡಿಸ್ಕ್ ಮೇಲೆ ಕೂತಿದೆ ಅಂತ ಖಾತ್ರಿಯಾಗುವವರೆಗೆ ಕಾಯುತ್ತದೆ. ಹೊತ್ತು ಹೋಗುವುದು ಈ ಕಾಯುವುದಕ್ಕೇ, ಲೆಕ್ಕಕ್ಕಲ್ಲ. ಒಂದೊಂದೇ ಅಡಿಕೆ ಹಿಡಿದು ಮಂಡಿಗೆ ಹೋಗಿ ಬಂದ ಹಾಗೆ! ತಿರುಗುವ ಹಳೇ ಹಾರ್ಡ್ ಡಿಸ್ಕ್ ಆದರೆ ಸೆಕೆಂಡಿಗೆ ಕೆಲವು ಡಜನ್ ಟ್ರಾನ್ಸಾಕ್ಷನ್ ಅಷ್ಟೇ. ಎಸ್‌ಎಸ್‌ಡಿಯಲ್ಲಿ ಜಾಸ್ತಿ ಆಗುತ್ತದೆ, ಆದರೂ ಕಾಯುವುದು ತಪ್ಪುವುದಿಲ್ಲ.

ಇಷ್ಟಾದರೂ ನಿಧಾನ ಅನಿಸಿದರೆ ಯಾವ ಸಾಲು ಅಂತ ಹೇಳುವ ವೇರ್ (WHERE) ಷರತ್ತಿನಲ್ಲಿರುವ ಕಾಲಮ್‌ಗೆ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಸೂಚಿ, ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಸಾಲು ಹುಡುಕಲು ಇಡೀ ಟೇಬಲ್ ಜಾಲಾಡಬೇಕು. ಅಂದಹಾಗೆ, ಒಂದು ಬಗೆಗೆಲ್ಲ ಒಂದೇ ದರ ಅಂತಾದರೆ ಸಾಲುಸಾಲಾಗಿ ತಿದ್ದುವುದೇ ಬೇಡ, ಬಗೆಗೊಂದು ಅಪ್‌ಡೇಟ್ ಸಾಕು ಅಲ್ವಾ?

‘ಸಿಂಕ್ರೊನಸ್ ಆಫ್ ಮಾಡಿ, ಹಾರುತ್ತದೆ’ ಅನ್ನುವವರೂ ಸಿಗುತ್ತಾರೆ. ಹಾರುವುದು ನಿಜ, ಡಿಸ್ಕ್‌ಗಾಗಿ ಕಾಯುವುದನ್ನೇ ಈ ಸೆಟ್ಟಿಂಗ್ ನಿಲ್ಲಿಸುತ್ತದೆ. ಆದರೆ ಬರೆಯುವ ನಡುವೆ ಕರೆಂಟ್ ಹೋದರೆ ಫೈಲೇ ಕೆಡಬಹುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ. ಬೇಕಿದ್ದರೆ 2010ರಿಂದ ಇರುವ ವಾಲ್ ಮೋಡ್ (WAL, ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ವಿಧಾನ) ಹಾಕಿಕೊಂಡು ಸಿಂಕ್ರೊನಸ್ ನಾರ್ಮಲ್ ಇಡಿ. ಕರೆಂಟ್ ಹೋದರೆ ಕೊನೆಯ ಕೆಲವು ಕಮಿಟ್ ಹೋಗಬಹುದು, ಫೈಲ್ ಉಳಿಯುತ್ತದೆ.