ನಿಮ್ಮ ಮೀನು ಹೋರಾಡುತ್ತಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಪ್ರವಾಹಕ್ಕೆ ಎದೆಯೊಡ್ಡಿ’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಇರಲೂ ಮನಸ್ಸಾಗಲಿಲ್ಲ. ಕಾರಣ, ನಾಲ್ಕನೇ ಪುಟದ ಬಕೆಟ್. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. ಘಟ್ಟದ ಹಳ್ಳದ ಪುಟ್ಟ ಮೀನು ‘ಕ್ಷಣ ಕ್ಷಣವೂ ನೀರಿನೊಡನೆ ಸೆಣಸುತ್ತದೆ, ನಾವೂ ಹಾಗೇ ಬದುಕಬೇಕು’ ಅಂತ ಮೂರು ಪುಟ ಬರೆದಿದ್ದೀರಿ. ಬಂಡೆಗೆ ಅಂಟಿಕೊಂಡು ಬದುಕುವ ಮೀನು ಮಾಡುವುದು ಇದರ ಉಲ್ಟಾ. ಅದು ಸೆಣಸಾಟದಿಂದ ತಪ್ಪಿಸಿಕೊಳ್ಳುತ್ತದೆ. ಹಳ್ಳ ಎಷ್ಟೇ ರಭಸವಾಗಿ ಹರಿಯಲಿ, ಕಲ್ಲಿನ ಮೈಗೆ ತಾಗಿದ ಕಡೆ ನೀರಿನ ವೇಗ ತೀರಾ ಕಡಿಮೆ. ಮೀನು ಅಲ್ಲಿ ಚಪ್ಪಟೆಯಾಗಿ ಒರಗಿರುತ್ತದೆ. ನೀರು ಬೆನ್ನ ಮೇಲಿಂದ ಜಾರಿ ಹೋಗುತ್ತದೆ. ಬಾಲಿಟೋರಾ ಮೀನನ್ನು ನೋಡಿ: ಹೊಟ್ಟೆ ಹಲಗೆಯಂತೆ ಮಟ್ಟಸ, ರೆಕ್ಕೆಗಳು ಬೀಸಣಿಗೆಯ ಹಾಗೆ ಅಕ್ಕಪಕ್ಕಕ್ಕೆ ಬಿಚ್ಚಿಕೊಂಡಿವೆ. ಬೇರೆ ಮೀನುಗಳಿಗೆ ತೇಲಲು ನೆರವಾಗುವ ಗಾಳಿಚೀಲ ಇವಕ್ಕೆ ತುಂಬಾ ಚಿಕ್ಕದು. ತೇಲಿದರೆ ಕೊಚ್ಚಿಕೊಂಡು ಹೋಗುತ್ತದೆ ಅಲ್ವಾ?

ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನುಗಳನ್ನೂ ಇದೇ ಸಾಲಿಗೆ ಸೇರಿಸಿದ್ದೀರಿ. ಅಲ್ಲಿನ ಮಹಸೀರ್ ಗಟ್ಟಿ ಈಜುಗಾರ. ನಿಮ್ಮ ಹೋಲಿಕೆ ಅದಕ್ಕಾದರೆ ಒಪ್ಪೀತು. ಎರಡನ್ನೂ ಕಲಸಬೇಡಿ.

‘ಹೊಟ್ಟೆಯಿಂದ ಅಂಟು ಸುರಿಸಿ ಕಲ್ಲನ್ನು ಹಿಡಿಯುತ್ತದೆ’ ಎಂಬ ಸಾಲೂ ಹೋಗಲಿ. ಗ್ಯಾರಾ ಜಾತಿಯ ಮೀನಿಗೆ ಕೆಳತುಟಿಯ ಹಿಂದೆ, ಗದ್ದದಲ್ಲಿ, ಒಂದು ದುಂಡನೆಯ ಬಿಲ್ಲೆ ಇರುತ್ತದೆ. ಅದನ್ನು ಒತ್ತಿ ಹಿಡಿಯುತ್ತದೆ. ಗ್ಲಿಪ್ಟೊಥೊರಾಕ್ಸ್ ಎಂಬ ಸಣ್ಣ ಮೀಸೆ ಮೀನಿಗೆ ಎದೆಯ ಚರ್ಮದಲ್ಲೇ ನೆರಿಗೆಗಳಿವೆ. ಅಂಟಿಗಿಂತ ಈ ನೆರಿಗೆಯೇ ಓದಲು ಚೆನ್ನ.

ಮಲೇಷ್ಯಾ ಕಡೆಯ ಮೀನುಗಳ ನೆಂಟರು ಸಾತ್ಪುರ ಬೆಟ್ಟಸಾಲಿನ ಮೂಲಕ ನಮ್ಮ ಘಟ್ಟಕ್ಕೆ ಬಂದವೆಂಬ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಅವರ ವಾದಕ್ಕೆ ಇಡೀ ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು. ಅದೇ ಹೋರಾ 1941ರಲ್ಲಿ ಬಾಲಿಟೋರಾ ಮೈಸೊರೆನ್ಸಿಸ್ ಅಂತ ಒಂದು ಮೀನಿಗೆ ಹೆಸರಿಟ್ಟರು. ಮೈಸೂರಿನ ಹೆಸರು ಹೊತ್ತ ಮೀನು ರೀ, ಅದರ ಸುದ್ದಿಯೇ ಇಲ್ಲ!

ಈಗ ಬಕೆಟ್. ನಿಮ್ಮ ಚಿಕ್ಕಪ್ಪ ಹಳ್ಳದಲ್ಲಿ ಕಲ್ಲೆತ್ತಿ ಬೆರಳುದ್ದದ ಮೀನೊಂದನ್ನು ಹಿಡಿದು ಬಕೆಟ್ಟಿಗೆ ಹಾಕುತ್ತಾರೆ. ಅದು ನೀರಲ್ಲಿ ಈಜುವುದು ಬಿಟ್ಟು ಒದ್ದೆ ಗೋಡೆ ಹತ್ತಿ ಹೊಟ್ಟೆಯೊತ್ತಿ ಕೂರುತ್ತದೆ. ನೀವು ಬಕೆಟ್ ಬಗ್ಗಿಸಿದರೂ ಬೀಳುವುದಿಲ್ಲ. ‘ಅದಕ್ಕೆ ಬಕೆಟ್ಟೂ ಕಲ್ಲೇ ಕಣೋ’ ಅನ್ನುತ್ತಾರೆ ಚಿಕ್ಕಪ್ಪ. ಇಷ್ಟು ಬರೆಯಬಲ್ಲವರು ಮಿಕ್ಕಿದ್ದೆಲ್ಲ ಯಾಕೆ ಭಾಷಣ ಮಾಡಿದಿರಿ?

ಅಲ್ಲಿಂದಲೇ ಶುರು ಮಾಡಿ. ಉಪದೇಶ ಪೂರ್ತಿ ತೆಗೆಯಿರಿ. ಎಂಟುನೂರು ಪದ ದಾಟಬೇಡಿ. ಊರವರು ಆ ಮೀನನ್ನು ಏನಂತ ಕರೆಯುತ್ತಾರೋ ಚಿಕ್ಕಪ್ಪನನ್ನೇ ಕೇಳಿ ಬರೆಯಿರಿ. ಇನ್ನೊಂದು, ಆಮೇಲೆ ಆ ಮೀನನ್ನು ಏನು ಮಾಡಿದಿರಿ? ಹಳ್ಳಕ್ಕೆ ಬಿಟ್ಟಿರೋ, ಸಾರು ಮಾಡಿದಿರೋ? ಯಾವುದಾದರೂ ಸರಿ, ಇದ್ದದ್ದನ್ನೇ ಬರೆಯಿರಿ.

ಸಂಪಾದಕ