ಅಜ್ಜನ ಕಾಲದ ಕಾಗದಕ್ಕೆ ಯಾವ ಸ್ಕ್ಯಾನರ್?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹೊಲದ ಕಾಗದಗಳಿವೆ. ನಿಜಾಮರ ಕಾಲದ ಉರ್ದು ಪತ್ರಗಳೂ ಸೇರಿ ಮುನ್ನೂರು ಹಾಳೆ ಆಗಬಹುದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್) ಮಾತ್ರ ಇದೆ, ವಿಂಡೋಸ್ ಇಲ್ಲ. ಬೇಗ ಕೆಲಸ ಮಾಡುವ, ಗಾಜಿನ ಮೇಲೆ ಹಾಳೆ ಇಡುವ ಫ್ಲಾಟ್‌ಬೆಡ್ ಸ್ಕ್ಯಾನರ್ ಯಾವುದು? ಹಾಳೆ ತಾನೇ ಎಳ್ಕೊಳ್ಳೋ ಮಷಿನ್ ತಗೊಳ್ಳಿ ಅಂತಾರೆ ಅಂಗಡಿಯವರು.
- ಓದುಗರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಎಳ್ಕೊಳ್ಳೋ ಮಷಿನ್ ಬೇಡವೇ ಬೇಡ. ಮಡಿಕೆಯಲ್ಲಿ ಸವೆದ ಹಳೆ ಕಾಗದ ಅದರ ರೋಲರ್‌ಗೆ ಸಿಕ್ಕರೆ ಹರಿದೇ ಹೋಗುತ್ತದೆ. ಫ್ಲಾಟ್‌ಬೆಡ್ಡೇ ಸರಿ.

ಕ್ಯಾನನ್ ಲೈಡ್ 300 ಅಥವಾ ಲೈಡ್ 400 ನೋಡಿ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ತಂತ್ರಾಂಶದ ಹೆಸರು ಸೇನ್, ಅದರಲ್ಲಿ ಈ ಎರಡಕ್ಕೂ ಡ್ರೈವರ್ (ಸ್ಕ್ಯಾನರ್ ಜೊತೆ ಕಂಪ್ಯೂಟರ್ ಮಾತಾಡಲು ಬೇಕಾದ ತಂತ್ರಾಂಶ) ಇದೆ. ಎರಡೂ ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತವೆ, ಹಾಗಾಗಿ ಬೇಸಿಗೆಯಲ್ಲಿ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಕೆಲಸ ಮುಂದುವರಿಸಬಹುದು. ನಮ್ಮ ಕಡೆ ಇದು ಸಣ್ಣ ಅನುಕೂಲ ಅಲ್ಲ. ಎ4 ಹಾಳೆಗೆ 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ) ಲೈಡ್ 300 ಸುಮಾರು 10 ಸೆಕೆಂಡ್, ಲೈಡ್ 400 ಸುಮಾರು 8 ಸೆಕೆಂಡ್ ತಗೊಳ್ಳುತ್ತದೆ. ಲೆಕ್ಕ ಹಾಕಿ, ಲೈಡ್ 400 ತಗೊಂಡರೆ ಮುನ್ನೂರು ಹಾಳೆಗೆ ಉಳಿಯೋದು ಬರೀ 10 ನಿಮಿಷ ಅಲ್ವಾ? ಮುಚ್ಚಳ ಎತ್ತಿ, ಕಾಗದ ಬಿಡಿಸಿ, ನೇರ ಇಡೋದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ವೇಗ ಬೇಕಿದ್ದರೆ ಸುಮ್ನೆ 600 ಡಿಪಿಐ ಇಡಬೇಡಿ, ಸ್ಕ್ಯಾನ್ ನಿಧಾನ ಆಗುತ್ತದೆ, ಫೈಲೂ ನಾಲ್ಕು ಪಟ್ಟು ಆಗುತ್ತದೆ. ಓದೋದಕ್ಕೆ 300 ಸಾಕು. ಮೊಹರು, ಸ್ಟಾಂಪು ಇರುವ ಹಾಳೆಗೆ ಕಲರ್, ಉಳಿದದ್ದಕ್ಕೆ ಗ್ರೇ.

ದುಡ್ಡು ಕೊಡುವ ಮುಂಚೆ ಲ್ಯಾಪ್‌ಟಾಪ್ ತಗೊಂಡೇ ಅಂಗಡಿಗೆ ಹೋಗಿ. ನಾನೊಮ್ಮೆ ಡಬ್ಬಿ ಮೇಲಿನ ವೇಗ ನೋಡಿ ಬೇರೊಂದು ಸ್ಕ್ಯಾನರ್ ತಂದೆ, ಅದಕ್ಕೆ ವಿಂಡೋಸ್ ಡ್ರೈವರ್ ಬಿಟ್ಟರೆ ಬೇರೇನೂ ಇರಲಿಲ್ಲ, ವಾಪಸ್ ಕೊಡೋಕೆ ಮೂರು ಸಲ ಅಲೆದೆ. ವೈರ್ ಚುಚ್ಚಿ, ಉಬುಂಟುವಿನ 'ಡಾಕ್ಯುಮೆಂಟ್ ಸ್ಕ್ಯಾನರ್' ತೆರೆದು ಒಂದು ಹಾಳೆ ತೆಗೆದು ನೋಡಿ. ಡಬ್ಬಿ ಮೇಲಿನ ಮಾಡೆಲ್ ನಂಬರ್ ಇಲ್ಲಿ ಹೇಳಿದ್ದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಅದೇ ಕಂಪನಿಯ ಪಕ್ಕದ ನಂಬರ್ ನಡೆದರೆ ಇದೂ ನಡೆಯುತ್ತದೆ ಅನ್ನೋ ಹಾಗಿಲ್ಲ.

ಒಂದು ಕೊರತೆ ಇದೆ. ಲೈಡ್‌ನಲ್ಲಿರೋದು ಸಿಐಎಸ್ ಸೆನ್ಸರ್, ಅಂದರೆ ಗಾಜಿಗೆ ತೀರಾ ಹತ್ತಿರ ಇರುವುದನ್ನು ಮಾತ್ರ ಸ್ಪಷ್ಟವಾಗಿ ನೋಡುವಂಥದ್ದು. ಹಾಗಾಗಿ ಗಾಜಿಗೆ ಅಂಟದ ಜಾಗ ಮಸುಕಾಗುತ್ತದೆ. ನಾಲ್ಕು ಮಡಿಕೆ ಹಾಕಿಟ್ಟ ಪತ್ರ ನಡುವೆ ಉಬ್ಬಿಯೇ ಇರುತ್ತದೆ. ಅದನ್ನು ಹಿಂದಿನ ರಾತ್ರಿಯೇ ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೊಂದು ದಪ್ಪ ಪುಸ್ತಕ ಹೇರಿ. ಇಸ್ತ್ರಿ ಮಾತ್ರ ಹಾಕಬೇಡಿ. ತೆಳ್ಳಗಿನ ಹಾಳೆಯಲ್ಲಿ ಹಿಂಬದಿಯ ಬರಹ ಮೂಡಿ ಬಂದರೆ, ಬೆನ್ನಿಗೆ ಒಂದು ಕಪ್ಪು ಕಾಗದ ಇಟ್ಟು ಮತ್ತೆ ಸ್ಕ್ಯಾನ್ ಮಾಡಿ, ಮುಂದಿನ ಅಕ್ಷರ ಬಿಡಿಸಿ ಕಾಣುತ್ತದೆ.